ವರಮಹಾಲಕ್ಷ್ಮಿ ಕ್ಯಾಸೆಟ್ಟು

ಗುರುವಾರ ಬೆಳಿಗ್ಗೆ ಧೂಳು ಹೊಡೆಯಲೆಂದು ಟಿವಿ ಕೆಳಗಿನ ಕಪಾಟಿನ ಬಾಗಿಲು ತೆಗೆದ ಶಕುಂತಲಾ, ಬಟ್ಟೆ ಹಿಡಿದವಳು ಹಿಡಿದ ಹಾಗೇ ಕಾರ್ಪೆಟ್ಟಿನ ಮೇಲೆ ಕುಸಿದು ಕೂತಳು. ಕಪಾಟು ಖಾಲಿ. ಹತ್ತೊಂಬತ್ತು ವಿಡಿಯೊ ಕ್ಯಾಸೆಟ್ಟುಗಳು ನಿಂತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಪಟ್ಟಿ ಮಾತ್ರ ಉಳಿದಿತ್ತು.

ಲೀಡ್ಸ್‌ನಲ್ಲಿದ್ದ ಮಗಳು ಪ್ರೇರಣಾಗೆ ಫೋನ್ ಮಾಡಿದಳು. ಇಂಗ್ಲೆಂಡಿನಲ್ಲೇ ಹುಟ್ಟಿದ ಹುಡುಗಿ. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ರೂಢಿ.

"ರಿಲ್ಯಾಕ್ಸ್ ಅಮ್ಮಾ, ಇಟ್ಸ್ ಫಾರ್ ಅಪ್ಪಾ" ಎಂದಳು. ಭಾನುವಾರ ಬಂದಿದ್ದಾಗ ಎಲ್ಲ ಕ್ಯಾಸೆಟ್ಟುಗಳನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಮ್ಯಾಕಲ್ಸ್‌ಫೀಲ್ಡ್‌ನ ಮೈತ್ರೇಯಿ ಆಂಟಿಗೆ ಕೊಟ್ಟು ಬಂದಿದ್ದಳಂತೆ. ಆಂಟಿ ಅವನ್ನೆಲ್ಲ ಡಿವಿಡಿ ಮಾಡಿಕೊಡುತ್ತಾರಂತೆ. ಶನಿವಾರ ಮಧ್ಯಾಹ್ನ ಅಪ್ಪನ ಅರವತ್ತರ ಸಮಾರಂಭದಲ್ಲಿ ಊಟದ ಜೊತೆಗೆ ಹಳೆಯ ದೃಶ್ಯಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುವುದಂತೆ. "ಅದರಲ್ಲೂ ಆ ವರಮಹಾಲಕ್ಷ್ಮಿ ಪೂಜೆ ಟೇಪ್ ಇದೆಯಲ್ಲ, ನಾನು ದೇವರನಾಮ ಹೇಳಿದ್ದು, ಅದನ್ನ ಫುಲ್ ಹಾಕೋಕೆ ಹೇಳಿದೀನಿ" ಎಂಬ ಅರ್ಥ ಬರುವ ಹಾಗೆ ಇಂಗ್ಲಿಷಿನಲ್ಲಿ ಹೇಳಿ ಫೋನಿಟ್ಟಳು.

ಫುಲ್ ಹಾಕೋಕೆ! ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳಿಂದ ಎಂಬತ್ತು ಜನ ಕನ್ನಡದವರು, ಅವರಲ್ಲಿ ಅರ್ಧ ಜನ ಡಾಕ್ಟರುಗಳು, ತಟ್ಟೆ ಹಿಡಿದು ಕೂತು ಆ ಕ್ಯಾಸೆಟ್ಟನ್ನು ಫುಲ್ ನೋಡುವುದೆಂದರೆ ಇನ್ನು ಈ ದೇಶದಲ್ಲಿ ಶಕುಂತಲಾ ಮುಖ ಎತ್ತಿ ತಿರುಗುವ ಹಾಗಿರಲಿಲ್ಲ.

ಇಲ್ಲಿ ವಿಷಯವನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಆ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಶಕುಂತಲೆಯ ದುಂಡು ಅಕ್ಷರದಲ್ಲಿ 'ವರಮಹಾಲಕ್ಷ್ಮಿ ಪೂಜೆ' ಎಂದು ಬರೆದಿತ್ತು. ಒಳಗೆ ಮೊದಲ ಒಂದು ಗಂಟೆ ಇಪ್ಪತ್ತಾರು ನಿಮಿಷ ಇದ್ದದ್ದು ಲಕ್ಷ್ಮಿಯಲ್ಲ. 'ಎ ಸೌತ್ ಫೇಸಿಂಗ್ ರೂಮ್' ಎಂಬ ಅಮೆರಿಕದ ಚಿತ್ರ. ಅದರಲ್ಲಿ ಒಂದು ಕೊಲೆ, ಒಬ್ಬಳು ತನಿಖೆಗಾರ್ತಿ, ಒಬ್ಬ ಸುಂದರ ವಿಧುರ ಮತ್ತು ಸಾಕಷ್ಟು ಕಡಿಮೆ ಬಟ್ಟೆ ಇದ್ದವು.

ಇದು ಶುರುವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಗಂಡ ಡಾಕ್ಟರ್ ಚಂದ್ರಪ್ಪ ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ಜಿಪಿ, ಬಡಾವಣೆಯ ವೈದ್ಯ. ಬೆಳಿಗ್ಗೆ ಎಂಟಕ್ಕೆ ಸರ್ಜರಿಗೆ, ಅಂದರೆ ಕ್ಲಿನಿಕ್ಕಿಗೆ, ಹೋದರೆ ಸಂಜೆ ಏಳು. ಬುಧವಾರ ಮಾತ್ರ ಮಧ್ಯಾಹ್ನ ಬಿಡುವು. ಮಕ್ಕಳಿಬ್ಬರೂ ಸ್ಕೂಲಿಗೆ. ಶಕುಂತಲಾ ಮೈಸೂರಿನಲ್ಲಿ ಎಲ್ಎಲ್‌ಬಿ ಮಾಡಿ, ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮದುವೆಯ ಮೆಟ್ಟಿಲು ಹತ್ತಿದವಳು. ಸರ್ಟಿಫಿಕೇಟು ಸೂಟ್‌ಕೇಸಿನಲ್ಲಿ, ಅವಳು ಅಡುಗೆಮನೆಯಲ್ಲಿ. ಒಂದು ದಿನ ಹಾಲು ತರಲು ಹೋದವಳು, ಚಿಪ್ಸ್ ಅಂಗಡಿಯ ಪಕ್ಕದಲ್ಲಿದ್ದ ಡೋರೀನಳ ವಿಡಿಯೊ ಅಂಗಡಿಗೆ ಸುಮ್ಮನೆ ನುಗ್ಗಿದಳು.

ಅಲ್ಲಿ ಕೊಲೆ-ಪತ್ತೇದಾರಿಯ ಸಾಲಿನಲ್ಲಿ ಒಂದು ಹೊಸ ಜಾತಿ ತಲೆ ಎತ್ತುತ್ತಿತ್ತು. ರಟ್ಟಿನ ಮೇಲೆ ಕಿಟಕಿಯ ಪಟ್ಟಿಪಟ್ಟಿ ನೆರಳು, ಅರೆಮುಚ್ಚಿದ ಕಣ್ಣಿನ ಹೆಂಗಸು, ಕೈಯಲ್ಲಿ ಮದ್ಯದ ಲೋಟ. ಮೊದಲು ಕೆಳಗಿನ ಒಂದು ಖಾನೆ ತುಂಬ ಇದ್ದದ್ದು, ಎರಡು ವರ್ಷದಲ್ಲಿ ಇಡೀ ಗೋಡೆ ಹಿಡಿಯಿತು. ಥಿಯೇಟರಿನ ಮುಖವನ್ನೇ ನೋಡದೆ ನೇರವಾಗಿ ಕ್ಯಾಸೆಟ್ಟಿಗೆಂದೇ ಮಾಡಿದ ಚಿತ್ರಗಳು. ಡೋರೀನ್ ಇವನ್ನು 'ಸ್ಟೀಮಿ' ಎನ್ನುತ್ತಿದ್ದಳು. ಶಕುಂತಲಾ ಮನಸ್ಸಿನಲ್ಲೇ ಶೃಂಗಾರ ಪತ್ತೇದಾರಿ ಎಂದು ಹೆಸರಿಟ್ಟಳು.

ಬಹುಪಾಲು ಕಸವೇ. ಅದನ್ನು ಅವಳು ಎರಡು ವಾರದಲ್ಲೇ ಕಂಡುಕೊಂಡಳು. ಆದರೆ ಹತ್ತರಲ್ಲಿ ಒಂದು ಬೇರೆ ಥರ ಇರುತ್ತಿತ್ತು. ಕೈಯಲ್ಲಿ ದುಡ್ಡಿಲ್ಲದಿದ್ದರೂ ಮಾಡಿದವರಿಗೆ ಮಹತ್ವಾಕಾಂಕ್ಷೆ ಇತ್ತು. ಒಂದೇ ಮನೆ, ನಾಲ್ಕೇ ಜನ. ಆದರೆ ಸುರುಳಿ ಮೆಟ್ಟಿಲು, ಎದುರುಬದುರು ಕನ್ನಡಿ, ಸುಳ್ಳು ಸಾಕ್ಷಿ, ಪಾಟೀಸವಾಲು ಎಲ್ಲವನ್ನೂ ಅಚ್ಚುಕಟ್ಟಾಗಿ ಹೆಣೆಯುತ್ತಿದ್ದರು. ಮತ್ತು ಆ ಹೆಂಗಸರಿಗೆಲ್ಲ ಒಂದೊಂದು ಕೆಲಸ ಇರುತ್ತಿತ್ತು! ವಕೀಲೆ, ಪೊಲೀಸು, ಇನ್ಶೂರೆನ್ಸ್ ಕಂಪನಿಯ ತನಿಖೆಗಾರ್ತಿ. ಅವರು ಪ್ರಶ್ನೆ ಕೇಳುತ್ತಿದ್ದರು, ಗಂಡಸರು ಬೆವರುತ್ತಿದ್ದರು. ಶಕುಂತಲಾ ತೊಡೆಯ ಮೇಲೆ ಹುರುಳಿಕಾಯಿ ಇಟ್ಟುಕೊಂಡು, ನಾರು ತೆಗೆಯುತ್ತ, 'ಇದು ಕೋರ್ಟಲ್ಲಿ ನಿಲ್ಲಲ್ಲ ಕಣೆ' ಎಂದು ಟಿವಿಗೆ ಬುದ್ಧಿ ಹೇಳುತ್ತ ನೋಡಿದಳು. ಶೃಂಗಾರದ ಭಾಗ ಬಂದಾಗ ಏನು ಮಾಡುತ್ತಿದ್ದಳು ಎಂದು ಕೇಳಿದರೆ, ಫಾರ್ವರ್ಡ್ ಮಾಡುತ್ತಿರಲಿಲ್ಲ. ಅಷ್ಟು ಸಾಕು.

'ಎ ಸೌತ್ ಫೇಸಿಂಗ್ ರೂಮ್' ಆ ಹತ್ತರಲ್ಲೊಂದು. ಒಬ್ಬ ಆರ್ಕಿಟೆಕ್ಟ್, ದೋಣಿಯಿಂದ ಸಮುದ್ರಕ್ಕೆ ಬಿದ್ದು ಸತ್ತ ಅವನ ಹೆಂಡತಿ, ಹೆಂಡತಿಯ ತಂಗಿ, ಒಬ್ಬ ವಕೀಲ. ತನಿಖೆಗೆ ಬಂದ ಹೆಣ್ಣು ಆರ್ಕಿಟೆಕ್ಟನನ್ನೇ ಪ್ರೀತಿಸಿಬಿಡುತ್ತಾಳೆ. ಅವಳು ಸುಳ್ಳು ಕೇಳಿಸಿಕೊಂಡಾಗೆಲ್ಲ ಕೋಣೆಯ ಬೆಳಕು ನಿಧಾನವಾಗಿ ಕುಂದಿ ಮತ್ತೆ ಏರುತ್ತಿತ್ತು. ಆಹಾ, ಎಂಥ ನಿರ್ದೇಶಕ! ತೊಂಬತ್ತೇಳರ ಜುಲೈ ಕೊನೆಯಲ್ಲಿ, ಸ್ಕೂಲಿಗೆ ಬೇಸಿಗೆ ರಜೆ ಬರುವ ಹಿಂದಿನ ದಿನ, ಅದನ್ನು ಬಾಡಿಗೆಗೆ ತಂದು ಮನೆಯ ಎರಡು ವಿಸಿಆರ್‌ಗಳನ್ನು ಜೋಡಿಸಿ ಕಾಪಿಗೆ ಹಾಕಿ, ಆ ಕಾಪಿ ಆಗುತ್ತಿದ್ದುದನ್ನೇ ನೋಡುತ್ತ ಕೂತಿದ್ದಳು. ಬೆಂಗಳೂರಿನಿಂದ ಬಂದ ಒಂದೊಂದು ಕನ್ನಡ ಚಿತ್ರವನ್ನೂ ಹತ್ತು ಮನೆಗೆ ಹಂಚುವ ಆ ಕಾಲದಲ್ಲಿ ಎರಡು ವಿಸಿಆರ್ ಇಲ್ಲದ ಕನ್ನಡದ ಮನೆ ಇರಲಿಲ್ಲ.

ಚಿತ್ರ ಮುಗಿಯಲು ಹತ್ತು ನಿಮಿಷ ಇತ್ತು. ಸತ್ತವಳ ಕೋಣೆಯಲ್ಲಿ ತನಿಖೆಗಾರ್ತಿ ಒಬ್ಬಳೇ. ಸ್ಯಾಕ್ಸೊಫೋನ್ ಶುರುವಾಯಿತು. ಹೊರಗಿನಿಂದ ಯಾರೋ ಬಾಗಿಲ ಹಿಡಿ ತಿರುಗಿಸಿದರು. ಅಷ್ಟರಲ್ಲಿ ಸ್ಕೂಲಿನಿಂದ ಫೋನ್: ಮಗ ಭುವನ್ ಆಟದ ಮೈದಾನದಲ್ಲಿ ಬಿದ್ದು ಗದ್ದ ಒಡೆದುಕೊಂಡಿದ್ದಾನೆ. ಶಕುಂತಲಾ ಓಡಿದಳು. ಯಂತ್ರ ತನ್ನಷ್ಟಕ್ಕೆ ಕಾಪಿ ಮುಗಿಸಿತು. ಬಾಡಿಗೆ ಕ್ಯಾಸೆಟ್ಟನ್ನು ಸಂಜೆಯೇ ವಾಪಸು ಕೊಟ್ಟಳು. ನಮ್ಮದು ಇದೆಯಲ್ಲ, ಸೆಪ್ಟೆಂಬರಿನಲ್ಲಿ ಮಕ್ಕಳು ಸ್ಕೂಲಿಗೆ ಹೋದ ಮೇಲೆ ನೆಮ್ಮದಿಯಾಗಿ ನೋಡೋಣ ಎಂದುಕೊಂಡಳು. ಯಾರೂ ತಪ್ಪಿಯೂ ಮುಟ್ಟದಿರಲೆಂದು ಪೂಜೆಯ ಹೆಸರು ಬರೆದು ಕಪಾಟಿಗೆ ಸೇರಿಸಿದಳು. ಪೂಜೆಯ ಕ್ಯಾಸೆಟ್ಟನ್ನು ಎರಡನೇ ಸಲ ನೋಡಿದವರನ್ನು ಅವಳು ಈವರೆಗೆ ಕಂಡಿರಲಿಲ್ಲ.

ಆದರೆ ಒಂದು ತಪ್ಪು ಮಾಡಿದಳು. ಇಸವಿ ಬರೆಯಲಿಲ್ಲ. ಚಂದ್ರಪ್ಪನಿಗೆ ಇಸವಿ ಇಲ್ಲದ ಲೇಬಲ್ ಕಂಡರೆ ಆಗದು. ಆಗಸ್ಟಿನಲ್ಲಿ ಮನೆಯಲ್ಲಿ ನಿಜವಾದ ವರಮಹಾಲಕ್ಷ್ಮಿ ಪೂಜೆ ಆಯಿತು, ಅವನು ಕ್ಯಾಮ್‌ಕಾರ್ಡರಿನಲ್ಲಿ ಹಿಡಿದ. ಆಮೇಲಿನ ಒಂದು ಬುಧವಾರ ಶಕುಂತಲಾ ಕಾಫಿ ಹಿಡಿದು ಕೋಣೆಗೆ ಬಂದಾಗ ಟಿವಿಯಲ್ಲಿ ಅವಳೇ ರೇಷ್ಮೆ ಸೀರೆಯಲ್ಲಿ ಆರತಿ ಎತ್ತುತ್ತಿದ್ದಳು. "ನಿನ್ನ ಆ ಕ್ಯಾಸೆಟ್ಟಿಗೇ ಸೇರಿಸ್ತಾ ಇದೀನಿ, ಪೂಜೆಯೆಲ್ಲ ಒಂದೇ ಕಡೆ ಇರ್ಲಿ" ಎಂದ ಚಂದ್ರಪ್ಪ. ಲೇಬಲ್ಲಿನ ಮೇಲೆ ೧೯೯೭ ಎಂದು ಬರೆದ. ಅವಳು ಕಾಫಿಯನ್ನು ಟಿವಿಯ ಮೇಲೇ ಇಟ್ಟು ಅಡುಗೆಮನೆಗೆ ಹಿಂದಿರುಗಿದಳು.

ಒಂದು ತಿಂಗಳು ಅವಳಿಗೆ ಅನ್ನ ಸೇರಲಿಲ್ಲ. ಅವನು ಏನೂ ಅನ್ನಲಿಲ್ಲ. ನೋಡಿಲ್ಲ, ಕಣ್ಣುಮುಚ್ಚಿ ಮುಂದಕ್ಕೆ ಓಡಿಸಿ ಬಟನ್ ಒತ್ತಿದ್ದಾರೆ ಎಂದು ಕೊನೆಗೆ ಸಮಾಧಾನ ಮಾಡಿಕೊಂಡಳು. ಆದರೆ ಚಿತ್ರದ ಕೊನೆ ಹೋಯಿತು. ಬಾಗಿಲ ಹಿಡಿ ತಿರುಗುತ್ತದೆ, ಟಣ್ ಟಣ್ ಎಂದು ಗಂಟೆ, ಕಲಶದ ಮುಂದೆ ಶಕುಂತಲಾ. ಡೋರೀನಳ ಹತ್ತಿರ ಮತ್ತೆ ಕೇಳಿದರೆ, ಒಯ್ದವರು ಯಾರೋ ಹಿಂದೆ ಕೊಟ್ಟಿಲ್ಲ ಎಂದಳು. ಆರು ತಿಂಗಳಿಗೆ ಅಂಗಡಿಯೇ ಮುಚ್ಚಿತು. ಒಳಗೆ ಬಂದವರು ಯಾರು? ತಂಗಿಯೇ, ವಕೀಲನೇ, ಆ ಸುಂದರಾಂಗನೇ? ಎಂಟು ವರ್ಷದಿಂದ ಶಕುಂತಲಾ ಪಾತ್ರೆ ತೊಳೆಯುತ್ತ ಈ ಮೊಕದ್ದಮೆ ನಡೆಸುತ್ತಿದ್ದಳು, ತೀರ್ಪು ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂದು ಡಬ್ಬಿ ಕೋಡುಬಳೆ ಹಿಡಿದು, ಬಸ್ಸಿನಲ್ಲಿ ಸ್ಟಾಕ್‌ಪೋರ್ಟ್‌ಗೂ ಅಲ್ಲಿಂದ ರೈಲಿನಲ್ಲಿ ಮ್ಯಾಕಲ್ಸ್‌ಫೀಲ್ಡ್‌ಗೂ ಹೋದಳು. ಮೈತ್ರೇಯಿ ಅಲ್ಲಿನ ಔಷಧದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದವಳು, ನಲವತ್ತೈದರ ಹೆಂಗಸು, ಧಾರವಾಡದವಳು. ಹತ್ತು ಜನ ಕನ್ನಡದವರ ಮಧ್ಯೆ ಬೆಂಗಳೂರಿನ ಕನ್ನಡ ಆಡುತ್ತಾಳೆ, ಸ್ವಂತ ಮನೆಯಲ್ಲಿ ಮಾತ್ರ ಧಾರವಾಡವೇ. ದಾರಿಯುದ್ದಕ್ಕೂ ಶಕುಂತಲಾ ದೇವರಲ್ಲಿ ಬೇಡಿಕೊಂಡದ್ದು ಒಂದೇ: ಅವಳು ಇನ್ನೂ ಆ ಕ್ಯಾಸೆಟ್ಟಿಗೆ ಕೈ ಹಾಕಿರದಿರಲಿ. ಯಾವ ದೇವರಲ್ಲಿ ಬೇಡಿಕೊಂಡಳೋ ಆ ದೇವಿಯ ಹೆಸರನ್ನೇ ಲೇಬಲ್ಲಿಗೆ ಬಳಸಿಕೊಂಡದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಬರ್ರಿ ಅಕ್ಕಾರ, ಬರ್ರಿ. ಫೋನ್ ಮಾಡಿದ್ರ ನಾನ ಸ್ಟೇಷನ್ನಿಗೆ ಬರ್ತಿದ್ನಲ್ಲ" ಎಂದು ಮೈತ್ರೇಯಿ ಬಾಗಿಲು ತೆಗೆದಳು.

"ಇಲ್ಲೇ ಬಂದಿದ್ದೆ, ಹಾಗೇ ಕೋಡುಬಳೆ ಕೊಟ್ಟು ಹೋಗೋಣ ಅಂತ" ಎಂದಳು ಶಕುಂತಲಾ. ವಿದನ್‌ಶಾದಿಂದ ಹಾಗೇ ಬರುವಷ್ಟು ಹತ್ತಿರದ ಊರಲ್ಲ ಮ್ಯಾಕಲ್ಸ್‌ಫೀಲ್ಡ್. ಮೈತ್ರೇಯಿ ಚಹಾ ತಂದಿಟ್ಟಳು.

ಊಟದ ಮೇಜಿನ ಮೇಲೆ ಒಂದು ವಿಸಿಆರ್, ಕಂಪ್ಯೂಟರ್, ಹತ್ತೊಂಬತ್ತು ಕ್ಯಾಸೆಟ್ಟುಗಳು ನಂಬರು ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಒಂದು ನೋಟುಬುಕ್. ಫ್ಯಾಕ್ಟರಿಯಲ್ಲಿ ಪ್ರತಿ ಬ್ಯಾಚಿನ ಮಾತ್ರೆಗೂ ಬರೆಯುವ ಹಾಗೆ, ಪ್ರತಿ ಕ್ಯಾಸೆಟ್ಟಿನ ನಿಮಿಷ ನಿಮಿಷದ ವಿವರ.

"ಅಂದ್ರೆ... ಎಲ್ಲಾನೂ ನೋಡ್ತೀರಾ ನೀವು?" ಎಂದಳು ಶಕುಂತಲಾ.

"ನೋಡದ ಹೆಂಗ ಪಾಸ್ ಮಾಡ್ಲಿ? ಮೊದಲಿಂದ ಕಡೀತನ ನೋಡೂದು ನನ್ನ ಪದ್ಧತಿ." ಮೈತ್ರೇಯಿ ಕನ್ನಡಕ ಏರಿಸಿ ನೋಟುಬುಕ್ಕಿನ ಪುಟ ತಿರುವಿದಳು. "ನಂಬರ್ ಹನ್ನೊಂದು. ವರಮಹಾಲಕ್ಷ್ಮಿ ಪೂಜೆ. ಪೂಜಿ ಸುರು ಆಗೂದು ಒಂದ್ ತಾಸು ಇಪ್ಪತ್ತಾರು ನಿಮಿಷಕ್ಕ." ತಲೆ ಎತ್ತಲಿಲ್ಲ. "ಅದರ ಮುಂಚೆ ಬ್ಯಾರೆ ಮೆಟೀರಿಯಲ್ ಅದ."

ಶಕುಂತಲೆಗೆ ಕಿವಿಯವರೆಗೆ ಬಿಸಿ ಏರಿತು. ಕೋಡುಬಳೆ ಡಬ್ಬಿಯ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದಳು. "ಅದು ನಂದೇ ಮೈತ್ರೇಯಿ" ಎಂದುಬಿಟ್ಟಳು. ಸುಳ್ಳು ಹೇಳಲು ನೂರು ದಾರಿ ಇದ್ದವು. ಗಂಡನ ಮೇಲೆ ಹಾಕಬಹುದಿತ್ತು, ಹಿಂದಿನ ಬಾಡಿಗೆದಾರರ ಮೇಲೆ ಹಾಕಬಹುದಿತ್ತು. ಬಾಯಿಗೆ ಬಂದದ್ದು ಇದೇ. "ನಾನೇ ಕಾಪಿ ಮಾಡ್ಕೊಂಡಿದ್ದು. ಅವರಿಗೆ ಗೊತ್ತಿಲ್ಲ. ದಯವಿಟ್ಟು ನಾಳೆ ಅದು..."

"ಅಕ್ಕಾರ." ಮೈತ್ರೇಯಿ ನೋಟುಬುಕ್ ಮುಚ್ಚಿದಳು. ಅವಳ ಮುಖದಲ್ಲಿ ನಗುವೂ ಇತ್ತು, ಹಸಿವೂ ಇತ್ತು. "ಕೊಲೆ ಯಾರು ಮಾಡಿದ್ರು, ಅದನ್ನ ಮೊದಲ ಹೇಳ್ರಿ. ಮೂರು ಸರ್ತಿ ನೋಡೀನಿ ನಾನು. ನಂಗ ತಂಗೀ ಮ್ಯಾಲೆ ಡೌಟು."

ಶಕುಂತಲೆಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡಳು. ಎಂಟು ವರ್ಷದಲ್ಲಿ ಮೊದಲ ಸಲ ಈ ಮೊಕದ್ದಮೆಗೆ ಇನ್ನೊಬ್ಬರು ಸಿಕ್ಕಿದ್ದರು. "ತಂಗಿ ಆಗೋಕೆ ಸಾಧ್ಯ ಇಲ್ಲ. ದೋಣಿ ಬೀಗದ ಕೈ ಅವಳ ಹತ್ರ ಇರ್ಲೇ ಇಲ್ವಲ್ಲ" ಎಂದಳು. ಇಬ್ಬರೂ ಒಂದು ಗಂಟೆ ವಾದ ಮಾಡಿದರು. ಕೋಡುಬಳೆ ಅರ್ಧ ಡಬ್ಬಿ ಖಾಲಿಯಾಯಿತು.

ಮೈತ್ರೇಯಿಯೂ ಆ ಕಾಲದಲ್ಲಿ ರಜೆಯ ದಿನ ಹೊತ್ತು ಹೋಗದೆ ಇಂಥ ಚಿತ್ರಗಳನ್ನು ತಂದು ನೋಡಿದವಳಂತೆ. "ಜನ ಇವಕ್ಕೆಲ್ಲಾ ಹೊಲಸು ಅಂದ್ರು. ಆದ್ರ ಒಳ್ಳೇವು ನಾಕು ಇದ್ವಲ್ಲ, ಅವನ್ನ ಮಾಡಿದವ್ರು ಎಷ್ಟು ಜೀವ ಹಾಕ್ಯಾರ ನೋಡ್ರಿ. ಯಾರೂ ಗಮನಿಸೂದಿಲ್ಲ ಅಂತ ಗೊತ್ತಿದ್ದೂ."

"ಹೌದು! ಆ ಬೆಳಕು ನೋಡಿ, ಸುಳ್ಳು ಹೇಳಿದಾಗೆಲ್ಲ ಡಿಮ್ ಆಗಿ ಮತ್ತೆ ಬರುತ್ತಲ್ಲ..."

ಮೈತ್ರೇಯಿ ತುಟಿ ಕಚ್ಚಿಕೊಂಡಳು. "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅದು ಡೈರೆಕ್ಟರ್ ಮಾಡಿದ್ದಲ್ಲ. ಬಾಡಗಿ ಕ್ಯಾಸೆಟ್ ಯಾರೂ ಕಾಪಿ ಮಾಡಬಾರ್ದು ಅಂತ ಕಂಪನಿಯವ್ರು ಒಂದು ಸಿಗ್ನಲ್ ಹಾಕಿರ್ತಿದ್ರು. ಕಾಪಿ ಮಾಡಿದ್ರ ಚಿತ್ರ ಹಿಂಗ ಮಂಕಾಗಿ, ಬೆಳಗಾಗಿ ಆಗ್ತದ. ಅದು ಕಳ್ಳರಿಗೆ ಹಾಕಿದ ಶಿಕ್ಷಾ."

ಎಂಟು ವರ್ಷದಿಂದ ಮೆಚ್ಚಿಕೊಂಡಿದ್ದ ಕಲೆ ತನ್ನ ಕಳ್ಳತನದ ಗುರುತೆಂದು ತಿಳಿದು ಶಕುಂತಲೆಗೆ ಪೆಚ್ಚಾಯಿತು. ಆದರೂ ಸುಳ್ಳು ಹೇಳಿದಾಗಲೇ ಏಕೆ ಕುಂದುತ್ತಿತ್ತು ಎಂದು ಪಟ್ಟು ಹಿಡಿದಳು. "ಆ ಪಿಚ್ಚರ್‌ನ್ಯಾಗ ಸುಳ್ಳು ಹೇಳದ ನಿಮಿಷ ಯಾವುದದ ರಿ?" ಎಂದಳು ಮೈತ್ರೇಯಿ. ಅದೂ ನಿಜವೇ.

ಕೊನೆಗೆ ಕೆಲಸದ ಮಾತು. ಪ್ರೇರಣಾಗೆ ಕೊಡುವ ಡಿವಿಡಿಗೆ ಪೂಜೆ ಮಾತ್ರ. ಚಿತ್ರವನ್ನು ಮೈತ್ರೇಯಿ ಬೇರೆ ಡಿಸ್ಕಿಗೆ ಹಾಕಿ ಆಗಲೇ ಎತ್ತಿಟ್ಟಿದ್ದಳು. ಅದನ್ನು ಕೋಡುಬಳೆಯ ಖಾಲಿ ಜಾಗದಲ್ಲಿಟ್ಟು ಡಬ್ಬಿ ಮುಚ್ಚಿ ಕೊಟ್ಟಳು. "ಒಂದೇ ಸಣ್ಣ ಡಿಫೆಕ್ಟ್. ಮ್ಯಾಲೆ ರೆಕಾರ್ಡ್ ಮಾಡಿದಾಗ ಚಿತ್ರ ಮೊದಲ ಬದಲಾಗ್ತದ, ಸೌಂಡು ಆಮ್ಯಾಲೆ. ಪೂಜಿ ಸುರುವಿಗೆ ಹಳೇ ಸ್ಯಾಕ್ಸೊಫೋನ್ ಒಂದ್ ಸೆಕೆಂಡು ಉಳದದ. ಅದನ್ನ ಕತ್ತರಿಸಿದ್ರ ಗಂಟಿನೂ ಹೋಗ್ತದ. ಬಿಟ್ಟೀನಿ. ಯಾರಿಗೆ ತಿಳೀತದ?" ಬಾಗಿಲ ತನಕ ಬಂದವಳು ಇನ್ನೊಂದು ಮಾತು ಸೇರಿಸಿದಳು. "ಡಾಕ್ಟರು ಅಷ್ಟು ಅಚ್ಚುಕಟ್ಟು ಮನಷ್ಯಾ. ಪೂಜಿ ಮೊದಲಿಂದ ಹಾಕದ ನಡು ಆರತಿಯಿಂದ ಯಾಕ ಸುರು ಮಾಡ್ಯಾರ? ನಮ್ಮ ಫ್ಯಾಕ್ಟರ್‍ಯಾಗ ಹಿಂಗಾದ್ರ, ಯಾರೋ ಗಾಬರ್‍ಯಾಗ ಬಟನ್ ಒತ್ಯಾರ ಅಂತ ಬರೀತೀವಿ."

ರೈಲಿನಲ್ಲಿ ಶಕುಂತಲಾ ಆ ಮಾತನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಡಬ್ಬಿ ತೊಡೆಯ ಮೇಲಿತ್ತು, ಎದೆ ಹಗುರವಾಗಿತ್ತು, ಕಿಟಕಿಯಾಚೆ ಮೇ ತಿಂಗಳ ಹಸಿರು. ಸ್ಟಾಕ್‌ಪೋರ್ಟ್ ಬಂದದ್ದೂ ಗೊತ್ತಾಗದಷ್ಟು ಚೆನ್ನಾಗಿ ನಿದ್ದೆ ಬಂತು.

ಶನಿವಾರ ವಿದನ್‌ಶಾದ ಕಮ್ಯುನಿಟಿ ಹಾಲಿನಲ್ಲಿ ಕಾಗದದ ತಟ್ಟೆಗಳಲ್ಲಿ ಬಿಸಿಬೇಳೆಬಾತು, ಮೊಸರನ್ನ, ಪಾಯಸ. ಚಂದ್ರಪ್ಪ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಪಾಯಸ ತಿನ್ನುತ್ತಿದ್ದ, ಪಕ್ಕದಲ್ಲಿ ಶಕುಂತಲಾ. ಭುವನ್ ಕಿಟಕಿಗಳ ಪರದೆ ಎಳೆದ. ಪ್ರೇರಣಾ ಡಿವಿಡಿ ಹಾಕಿದಳು. ಭುವನನ ನಾಮಕರಣ ಬಂತು, ಎಲ್ಲರೂ ನಕ್ಕರು. ಚಂದ್ರಪ್ಪನ ಮೊದಲ ಕಾರು ಬಂತು, ಅದಕ್ಕೂ ನಕ್ಕರು. ಆಮೇಲೆ ಪರದೆಯ ಮೇಲೆ 'ವರಮಹಾಲಕ್ಷ್ಮಿ ಪೂಜೆ, ೧೯೯೭' ಎಂಬ ಅಕ್ಷರಗಳು.

ಕಲಶ ಕಂಡಿತು. ಆರತಿ ಎತ್ತಿದ ಶಕುಂತಲಾ ಕಂಡಳು. ಮತ್ತು ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳಿಂದ, ಒಂದೇ ಸೆಕೆಂಡು, ಮೈಮುರಿದೇಳುವಂಥ ಒಂದು ಸ್ಯಾಕ್ಸೊಫೋನ್ ಹೊಮ್ಮಿತು. ಆಮೇಲೆ ಗಂಟೆ.

ಶಕುಂತಲಾ ಸೀಟಿನಲ್ಲಿ ಕಲ್ಲಾದಳು. ಹಿಂದಿನ ಸಾಲಿನಿಂದ ಉಡುಪಿಯ ಡಾಕ್ಟರ್ ಲಕ್ಷ್ಮೀನಾರಾಯಣರ ದನಿ ಕೇಳಿಸಿತು: "ಓ, ಪೂಜೆಗೆ ಸ್ಯಾಕ್ಸೊಫೋನ್ ಬೇರೆ ತರಿಸಿದ್ರಾ ಮಾರ್ರೆ? ನಮ್ಮ ಊರ ಕಡೆ ಮದುವೆಯ ಹಾಗೆ ಆಯ್ತಲ್ಲ!" ನಾಲ್ಕೈದು ಜನ ತಲೆದೂಗಿದರು. ಹದಿಮೂರರ ಪ್ರೇರಣಾ ದೇವರನಾಮ ಶುರು ಮಾಡಿದಳು. ಎಂಬತ್ತು ಜನರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ಶಕುಂತಲಾ ಅಬ್ಬಾ ಎಂದು ಉಸಿರು ಬಿಟ್ಟು ಗಂಡನ ಕಡೆ ತಿರುಗಿದಳು.

ಚಂದ್ರಪ್ಪನ ಚಮಚ ನೆಲದ ಮೇಲೆ ಬಿದ್ದಿತ್ತು. ಪಾಯಸ ಶಾಲಿನ ಮೇಲೆ ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳದೆ ಪರದೆಯನ್ನೇ ನೋಡುತ್ತಿದ್ದ, ಹಣೆಯ ಮೇಲೆ ಬೆವರು. ಇಂಥ ಬೆವರನ್ನು ಶಕುಂತಲಾ ಎಷ್ಟೋ ಚಿತ್ರಗಳಲ್ಲಿ ನೋಡಿದ್ದಳು. ಗಾಬರಿಯಲ್ಲಿ ಯಾರೋ ಬಟನ್ ಒತ್ತಿದ್ದಾರೆ ಎಂದಿದ್ದಳಲ್ಲ ಮೈತ್ರೇಯಿ.

ಐದು ಗಂಟೆಗೆ ಎಲ್ಲರೂ ಹೋದ ಮೇಲೆ, ಉಳಿದ ಅಡುಗೆಯ ಡಬ್ಬಿಗಳನ್ನು ಕಾರಿಗೆ ತುಂಬುವಾಗ ಅವಳು ಪಾಟೀಸವಾಲು ಶುರು ಮಾಡಿದಳು.

"ರೀ, ಪೂಜೆ ಬಂದಾಗ ಚಮಚ ಯಾಕೆ ಬೀಳಿಸಿದ್ರಿ?"

"ಕೈ ಜಾರ್ತು."

"ಯಾವ ಸದ್ದಿಗೆ ಜಾರ್ತು?"

"ಯಾವ ಸದ್ದೂ ಇಲ್ಲ. ಆ ಸ್ಯಾಕ್ಸೊಫೋನು ಒಂದು..." ಚಂದ್ರಪ್ಪ ಮೊಸರನ್ನದ ಡಬ್ಬಿ ಹಿಡಿದು ನಿಂತ. ಆಮೇಲೆ ನಿಧಾನವಾಗಿ ಹೇಳಿದ, "ಆ ಕ್ಯಾಸೆಟ್ಟಲ್ಲಿ ಮೊದಲು ಏನಿತ್ತೋ, ಅದು ಇವತ್ತು ಎಲ್ಲರ ಮುಂದೆ ಬರುತ್ತೆ ಅಂತ ನಂಗೆ ನಿನ್ನೆ ಪ್ರೇರಣಾ ಹೇಳಿದ ಮೇಲೆ ಗೊತ್ತಾಗಿದ್ದು. ಫುಲ್ ಹಾಕ್ತೀನಿ ಅಂದ್ಲು. ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೇ. ನಿನ್ನ ಮರ್ಯಾದೆ ಹೋಗುತ್ತಲ್ಲ ಅಂತ."

ತನ್ನ ಮರ್ಯಾದೆಗೆ ಅವನು ನಿದ್ದೆಗೆಟ್ಟಿದ್ದನೆಂದು ಶಕುಂತಲೆಗೆ ಈಗ ತಿಳಿಯಿತು.

"ಯಾವಾಗಿಂದ ಗೊತ್ತು?"

"ತೊಂಬತ್ತೇಳರಿಂದ. ಇಸವಿ ಇಲ್ಲದ ಕ್ಯಾಸೆಟ್ಟು, ಯಾವ ವರ್ಷದ್ದು ನೋಡೋಣ ಅಂತ ಹಾಕಿದೆ. ನೀನು ಮಕ್ಕಳನ್ನ ಈಜೋಕೆ ಕರ್ಕೊಂಡು ಹೋಗಿದ್ದೆ. ಎರಡು ನಿಮಿಷ ನೋಡಿ ತೆಗೆಯೋಣ ಅಂದ್ಕೊಂಡೆ." ಕೆಮ್ಮಿದ. "ಕೊನೇವರೆಗೂ ನೋಡ್ದೆ. ಚೆನ್ನಾಗಿತ್ತು. ಮುಂದಿನ ಬುಧವಾರ, ಚಿತ್ರ ಮುಗಿದ ಮೇಲೆ ಖಾಲಿ ಜಾಗದಿಂದ ಪೂಜೆ ಸೇರಿಸೋಣ ಅಂತ ಕ್ಯಾಮ್‌ಕಾರ್ಡರ್ ಜೋಡಿಸಿದ್ದೆ. ಹಾಗೇ ಆ ಕ್ಲೈಮಾಕ್ಸ್ ಇನ್ನೊಂದ್ಸಲ ನೋಡ್ತಾ ಕೂತಿದ್ದೆ. ನೀನು ಕಾಫಿ ತಗೊಂಡು ಬಂದೆ. ಗಾಬರಿಯಾಗಿ ರೆಕಾರ್ಡ್ ಒತ್ತಿಬಿಟ್ಟೆ."

"ನನ್ನ ಕೊನೇ ಹತ್ತು ನಿಮಿಷ!"

"ಸಾರಿ ಹೇಳೋಣ ಅಂದ್ರೆ, ನಾನು ನೋಡಿದ್ದು ಗೊತ್ತಾಗುತ್ತೆ. ನಿಂಗೆ ನಾಚಿಕೆ ಆಗುತ್ತೆ. ಡೋರೀನ್ ಅಂಗಡಿಗೆ ಎರಡು ಸಲ ಹೋಗಿ ಕೇಳ್ದೆ, ಇನ್ನೊಂದು ತಂದು ಕಪಾಟಲ್ಲಿ ಇಟ್ಟುಬಿಡೋಣ ಅಂತ. ಸಿಗಲಿಲ್ಲ." ಅವನ ದನಿ ಸಣ್ಣದಾಯಿತು. "ಎಂಟು ವರ್ಷದಿಂದ ಹೇಳ್ಬೇಕು ಹೇಳ್ಬೇಕು ಅಂತಿದ್ದೆ ಶಕ್ಕು."

ಶಕುಂತಲಾ ಕಾರಿಗೆ ಒರಗಿ ನಿಂತಳು. ಕೋಪ ಬರಬೇಕಿತ್ತು, ಬರಲಿಲ್ಲ. ಎಂಟು ವರ್ಷ ಇಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, ಒಂದೇ ಕಪಾಟಿನ ಕಡೆ ನೋಡದ ಹಾಗೆ ನಟಿಸಿದ್ದರು. ಹೊಟ್ಟೆಯ ಆಳದಿಂದ ನಗು ಎದ್ದು ಬಂತು, ಅವನಿಗೂ ಅಂಟಿತು. ಪಾರ್ಕಿಂಗ್ ಜಾಗ ಗುಡಿಸುತ್ತಿದ್ದ ಹಾಲಿನ ಕೇರ್‌ಟೇಕರ್, ಶಾಲು ಹೊದ್ದ ಡಾಕ್ಟರೂ ರೇಷ್ಮೆ ಸೀರೆಯ ಹೆಂಡತಿಯೂ ಡಬ್ಬಿ ಹಿಡಿದು ಕಣ್ಣೊರೆಸಿಕೊಂಡು ನಗುವುದನ್ನು ನೋಡಿ ತಾನೂ ಸುಮ್ಮನೆ ನಕ್ಕ.

"ಸರಿ, ಇವಾಗ ಹೇಳಿ" ಎಂದಳು ಉಸಿರು ತಿರುಗಿದ ಮೇಲೆ. "ಬಾಗಿಲ ಹಿಡಿ ತಿರುಗುತ್ತಲ್ಲ. ಒಳಗೆ ಬಂದಿದ್ದು ಯಾರು?"

"ನಿಜವಾಗ್ಲೂ ಹೇಳ್ಬಿಡ್ಲಾ?"

"ರೀ!"

"ಹೆಂಡತಿ" ಎಂದ ಚಂದ್ರಪ್ಪ. "ಸತ್ತೇ ಇರಲಿಲ್ಲ. ಎಲ್ಲ ಗೊತ್ತಿದ್ದುಕೊಂಡೇ ಸುಮ್ಮನಿದ್ಲು. ಬಾಗಿಲು ತೆಗೀತಾಳೆ, ಕೈಯಲ್ಲಿ ದೀಪ ಹಿಡಿದು ಒಳಗೆ ಬರ್ತಾಳೆ."

ಶಕುಂತಲಾ ಕಣ್ಣು ಮುಚ್ಚಿ ನೋಡಿದಳು. ಬಾಗಿಲ ಹಿಡಿ ತಿರುಗಿತು. ಆರತಿ ತಟ್ಟೆಯ ದೀಪ ಹಿಡಿದು ರೇಷ್ಮೆ ಸೀರೆಯಲ್ಲಿ ಹೆಂಡತಿ ಬಂದಳು.

"ಹಾಗಾದ್ರೆ ನಮ್ಮ ಕ್ಯಾಸೆಟ್ಟಲ್ಲಿ ಇರೋದೇ ಸರಿಯಾಗಿದೆ" ಎಂದು ಕಾರಿನ ಬಾಗಿಲು ತೆಗೆದಳು.